ಶಾಂತಿ ಸಭೆಯಲ್ಲಿ ಕೇಳದ ಪ್ರಶ್ನೆ



ಇವತ್ತಿನ ಚಿಂತನೆ ಸ್ವಲ್ಪ ಉದ್ದವಾಗಿದೆ. ಒಂದೇ ಸಲಕ್ಕೆ ಓದಲಾಗದವರು ಅರ್ಧ ಈಗ ಓದಿ, ಉಳಿದರ್ಧ ಸಂಜೆ ಓದಿ.

ಹೋದ ಭಾನುವಾರ ನಮ್ಮ ಹುಡುಗ ಹುಡುಗಿಯರಿಗೆ ಒಂದು ತರಗತಿ ಇತ್ತು. ವಿಷಯ: ಹಕ್ಕಿನ ಹೋರಾಟ ಮತ್ತು ಶಾಂತಿ. ಪಾಠ ಮಾಡುವ ಸರದಿ ನನ್ನದು. ಬೋರ್ಡಿನ ಮೇಲೆ ‘ಶಾಂತಿ’ ಎಂದು ಬರೆದು ತಿರುಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಡಿಗ್ರಿ ಓದುವ ಹುಡುಗಿಯೊಬ್ಬಳು ಕೇಳಿದಳು: “ಶಾಂತಿ ಅಂದ್ರೆ ರಾಜಿ ತಾನೆ ಮೇಡಂ? ಅದಕ್ಯಾಕೆ ನಮಗೆ ಟ್ರೈನಿಂಗು? ನಮ್ಮ ತಾತ ಮುತ್ತಾತಂದಿರು ಅದನ್ನೇ ತಾನೆ ಮಾಡ್ಕೊಂಡು ಬಂದಿದ್ದು?”

ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ನಾನು ಪಿಯುಸಿ ಓದುತ್ತಿದ್ದಾಗಿನ ಮಾತು. ನಮ್ಮೂರಿನ ಹೋಟೆಲಿನಲ್ಲಿ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದರು. ಕುಡಿದು ನಾವೇ ತೊಳೆದು ಬೋರಲು ಹಾಕಿ ಬರಬೇಕು. ಒಂದು ದಿನ ನಾಲ್ಕು ಹುಡುಗರು ಒಳಗೆ ಹೋಗಿ ಎಲ್ಲರ ಲೋಟದಲ್ಲೇ ಟೀ ಕೊಡಿ ಎಂದರು. ನನ್ನ ಅಣ್ಣ ಅವರಲ್ಲೊಬ್ಬ. ಅವತ್ತು ರಾತ್ರಿ ಕೇರಿಗೆ ನುಗ್ಗಿ ಹೊಡೆದರು. ಮೂರನೆಯ ದಿನ ಶಾಲೆಯ ಜಗಲಿಯ ಮೇಲೆ ಶಾಂತಿ ಸಭೆ ಆಯಿತು. ಅಧಿಕಾರಿಗಳು ಕುರ್ಚಿಯಲ್ಲಿ, ಊರಿನ ದೊಡ್ಡವರು ಬೆಂಚಿನ ಮೇಲೆ, ನಮ್ಮವರು ನೆಲದ ಮೇಲೆ. ನಾನು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆ. “ಆದದ್ದಾಯ್ತು, ಇನ್ನು ಎಲ್ಲರೂ ಅಣ್ಣತಮ್ಮಂದಿರ ಥರ ಇರಿ” ಎಂದರು. ಕಾಗದ ಮೊದಲೇ ಬರೆದು ತಂದಿದ್ದರು. ಕೇರಿಯ ಯಜಮಾನರು ಸಹಿ ಹಾಕಿದರು, ನಮ್ಮಪ್ಪ ಹೆಬ್ಬೆಟ್ಟು ಒತ್ತಿದರು.

ಕೇಸು ಆಗಲಿಲ್ಲ. ಲೋಟವೂ ಬದಲಾಗಲಿಲ್ಲ. ಅಣ್ಣನನ್ನು ಮಾತ್ರ ಯಾರೂ ಕೂಲಿಗೆ ಕರೆಯಲಿಲ್ಲ. ಎರಡು ತಿಂಗಳು ನೋಡಿ, ಕೊಡಗಿನ ಕಾಫಿ ತೋಟಕ್ಕೆ ಹೋದ. ಇವತ್ತಿಗೂ ಅಲ್ಲಿಯ ಲೈನ್‌ಮನೆಯಲ್ಲೇ ಇದ್ದಾನೆ. ದೌರ್ಜನ್ಯ ತಡೆ ಕಾಯ್ದೆ 1989ರದು. ನಮ್ಮೂರಿನಲ್ಲಿ ಆ ಸಭೆ ನಡೆಯುವಾಗ ಅದು ಬಂದು ಏಳೆಂಟು ವರ್ಷ ಕಳೆದಿತ್ತು. ಕರ್ತವ್ಯ ಮಾಡದ ಅಧಿಕಾರಿಗೂ ಅದರ ನಾಲ್ಕನೆಯ ಸೆಕ್ಷನ್ನಿನಲ್ಲಿ ಶಿಕ್ಷೆ ಉಂಟು. ಕೇರಿಯಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿಲ್ಲ. ಗೊತ್ತಿದ್ದವರು ಕುರ್ಚಿಯ ಮೇಲಿದ್ದರು.

ಅದಕ್ಕೇ ಆ ಹುಡುಗಿಯ ಪ್ರಶ್ನೆಗೆ ನಾನು ತಕ್ಷಣ “ಅಲ್ಲ” ಎನ್ನಲಾಗಲಿಲ್ಲ. ಪೆಟ್ಟು ತಿಂದವರ ಮಕ್ಕಳಿಗೆ, ನೆಲೆ ಕಳೆದುಕೊಂಡವರ ಮಕ್ಕಳಿಗೆ ಶಾಂತಿಯನ್ನು ಕಲಿಸುವುದು ನ್ಯಾಯವೇ? ಹೊಡೆದವನ ಮಗನನ್ನು ಯಾರೂ ಈ ತರಗತಿಗೆ ಕಳಿಸುವುದಿಲ್ಲವಲ್ಲ.

ಬೆಳಿಗ್ಗೆ ಎದ್ದು ‘ಬುದ್ಧ ಮತ್ತು ಆತನ ಧಮ್ಮ’ ತೆಗೆದು ರೋಹಿಣಿ ನದಿಯ ಭಾಗವನ್ನು ಮತ್ತೆ ಓದಿದೆ. ಮುದುಕ, ರೋಗಿ, ಹೆಣ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ ಎಂಬುದು ನಮಗೆಲ್ಲ ಗೊತ್ತು. ಅವರ ಪುಸ್ತಕದಲ್ಲಿ ಸಿದ್ಧಾರ್ಥ 20ನೆಯ ವಯಸ್ಸಿಗೆ ಶಾಕ್ಯ ಸಂಘದ ಸದಸ್ಯನಾಗುತ್ತಾನೆ. 28 ಆಗಿದ್ದಾಗ ರೋಹಿಣಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಹೊಡೆದಾಟವಾಗುತ್ತದೆ. ಸೇನಾಪತಿ ಸಭೆ ಕರೆದು ಯುದ್ಧ ಸಾರೋಣ ಎನ್ನುತ್ತಾನೆ. ಸಿದ್ಧಾರ್ಥ ಎದ್ದು ವಿರೋಧಿಸುತ್ತಾನೆ.

ಇಲ್ಲಿ ನಾವು ಸಾಮಾನ್ಯವಾಗಿ ಬೇಗ ಓದಿ ಮುಂದೆ ಹೋಗುತ್ತೇವೆ. ಅವನು ಯುದ್ಧ ಕೆಟ್ಟದ್ದು ಎಂದಷ್ಟೇ ಹೇಳಿ ಕೂರುವುದಿಲ್ಲ. ಮೊದಲು ಕೈ ಮಾಡಿದವರು ಯಾರು ಎಂದು ವಿಚಾರಿಸಿ ಎನ್ನುತ್ತಾನೆ. ನಮ್ಮವರೂ ಕೈ ಮಾಡಿದ್ದಾರೆಂದು ಕೇಳಿದ್ದೇನೆ, ಹಾಗಿದ್ದರೆ ನಮ್ಮದೂ ತಪ್ಪಿದೆ ಎನ್ನುತ್ತಾನೆ. ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಆರಿಸಿದ ಐದನೆಯವರೊಬ್ಬರು, ಈ ಐವರು ತೀರ್ಮಾನಿಸಲಿ ಎಂದು ದಾರಿಯನ್ನೂ ತೋರಿಸುತ್ತಾನೆ. ಮತಕ್ಕೆ ಹಾಕಿದಾಗ ಸೋಲುತ್ತಾನೆ. ಮರುದಿನ ಸೈನ್ಯಕ್ಕೆ ಸೇರಬೇಕೆಂಬ ಆಜ್ಞೆಯಾಗುತ್ತದೆ. ಒಪ್ಪದಿದ್ದರೆ ನಿನ್ನ ಮನೆಯವರಿಗೆ ಸಾಮಾಜಿಕ ಬಹಿಷ್ಕಾರ, ನಿಮ್ಮ ಜಮೀನು ಮುಟ್ಟುಗೋಲು ಎಂಬ ಬೆದರಿಕೆ ಬರುತ್ತದೆ. ಅವನು ಮನೆಯವರನ್ನು ಬಿಡಿಸಿ ತಾನೊಬ್ಬನೇ ದೇಶ ಬಿಡಲು ಒಪ್ಪುತ್ತಾನೆ.

ಬಹಿಷ್ಕಾರ, ಜಮೀನು. ಈ ಎರಡು ಮಾತು ಬಂದಾಗಲೆಲ್ಲ ಕಪಿಲವಸ್ತು ಮರೆತು ನಮ್ಮೂರು ನೆನಪಾಗುತ್ತದೆ. ನಮ್ಮ ಗುರು ಸ್ವತಃ ನೆಲೆ ತಪ್ಪಿದ ಒಬ್ಬ ಯುವಕ.

ಆ ಪುಟಗಳನ್ನು ಮುಚ್ಚಿಟ್ಟಾಗ ಒಂದು ವಿಷಯ ಹೊಳೆಯಿತು. ನಮ್ಮೂರ ಶಾಂತಿ ಸಭೆಯಲ್ಲಿ ಯಾರೂ “ಏನಾಯಿತು?” ಎಂದು ಕೇಳಿರಲಿಲ್ಲ. ಅಣ್ಣತಮ್ಮಂದಿರ ಥರ ಇರಿ ಎಂದರೇ ಹೊರತು ಯಾರು ಹೊಡೆದರು, ಯಾಕೆ ಹೊಡೆದರು, ಆ ಲೋಟ ಯಾಕೆ ಬೇರೆ ಎಂದು ಒಬ್ಬರೂ ಕೇಳಲಿಲ್ಲ. ಸಿದ್ಧಾರ್ಥ ಬಾಯಿ ತೆರೆದದ್ದೇ ಆ ಪ್ರಶ್ನೆಯಿಂದ. ರಾಜಿಗೂ ಶಾಂತಿಗೂ ನನಗೆ ಕಂಡ ವ್ಯತ್ಯಾಸ ಇಷ್ಟು. ರಾಜಿಗೆ ವಿಚಾರಣೆ ಬೇಡ, ವಿಚಾರಣೆ ಇಲ್ಲದೆ ಶಾಂತಿ ಇಲ್ಲ.

ಆದರೆ ನಮ್ಮೂರ ಕಥೆಯೊಂದನ್ನೇ ಹಿಡಿದು ಈ ಮಾತು ಹೇಳಿದರೆ ಸಾಲದು. ಅಲ್ಲಿ ತಪ್ಪು ಯಾರದೆಂದು ಕೇಳಿದರೆ ಉತ್ತರ ಸುಲಭ. ಉತ್ತರ ಸುಲಭವಲ್ಲದ ಕಡೆ ಈ ಮಾತು ನಿಲ್ಲುತ್ತದೆಯೇ ನೋಡಬೇಕು. ಆಗ ನೆನಪಾದದ್ದು ಕೆಲವು ವರ್ಷಗಳ ಹಿಂದೆ ಬುದ್ಧ ಪೂರ್ಣಿಮೆಗೆ ಬೆಂಗಳೂರಿನ ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಹೋದಾಗ ಸಿಕ್ಕ ಒಬ್ಬ ಸಾಮಣೇರ. ಚಿಕ್ಕ ಹುಡುಗ, ಚೆನ್ನಾಗಿ ಕನ್ನಡ ಕಲಿತಿದ್ದ. ನಿಮ್ಮೂರು ಯಾವುದು ಎಂದು ಕೇಳಿದೆ. “ತಾತನ ಊರಾ, ಅಪ್ಪನ ಊರಾ?” ಎಂದು ತಿರುಗಿ ಕೇಳಿದ. ತಾತನ ಊರು ನೀರಿನಲ್ಲಿ ಮುಳುಗಿದೆಯಂತೆ. ಅವನು ಚಕ್ಮಾ ಸಮುದಾಯದವನು.

ಚಕ್ಮಾ ಜನ ಥೇರವಾದಿ ಬೌದ್ಧರು. ಇವರ ಮೂಲ ನೆಲ ಈಗಿನ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್ ಗುಡ್ಡಗಾಡು. 1947ರಲ್ಲಿ ಅಲ್ಲಿದ್ದವರಲ್ಲಿ ಬಹುಪಾಲು ಬೌದ್ಧರೇ. ತಾವು ಭಾರತಕ್ಕೆ ಸೇರುತ್ತೇವೆಂದು ನಂಬಿ ಆಗಸ್ಟ್ 15ರಂದು ರಂಗಮಾಟಿಯಲ್ಲಿ ತ್ರಿವರ್ಣ ಧ್ವಜವನ್ನೂ ಹಾರಿಸಿದರು. ಗಡಿ ಎಳೆದವರು ಅದನ್ನು ಪಾಕಿಸ್ತಾನಕ್ಕೆ ಕೊಟ್ಟರು. ಆಮೇಲೆ ಕರ್ಣಫುಲಿ ನದಿಗೆ ಕಪ್ತಾಯ್ ಅಣೆಕಟ್ಟು ಕಟ್ಟಿದರು. 1962ರಲ್ಲಿ ಕೆಲಸ ಮುಗಿದಾಗ ಸುಮಾರು 54,000 ಎಕರೆ ಉಳುವ ಭೂಮಿ ಮುಳುಗಿತ್ತು. ಆ ಸೀಮೆಯ ಸಾಗುವಳಿ ಭೂಮಿಯಲ್ಲಿ ಅದು ಹೆಚ್ಚು ಕಡಿಮೆ ಐದರಲ್ಲಿ ಎರಡು ಪಾಲು. ಸುಮಾರು ಒಂದು ಲಕ್ಷ ಜನ ನೆಲೆ ಕಳೆದುಕೊಂಡರು. ಅವರಲ್ಲಿ ಸಾವಿರಾರು ಜನ, ಜೊತೆಗೆ ಹಿಂದೂಗಳಾದ ಹಾಜೊಂಗರೂ, ಗಡಿ ದಾಟಿ ಭಾರತಕ್ಕೆ ಬಂದರು. ಆಗ ನೇಫಾ ಎನ್ನುತ್ತಿದ್ದ ಇಂದಿನ ಅರುಣಾಚಲದಲ್ಲಿ ಕೇಂದ್ರ ಸರ್ಕಾರವೇ 1964ರಿಂದ 1969ರ ನಡುವೆ ಅವರಿಗೆ ನೆಲೆ ಕೊಟ್ಟಿತು.

ನೆಲೆ ಕೊಟ್ಟವರು ಪೌರತ್ವ ಕೊಡಲಿಲ್ಲ. ಅರ್ಜಿ ಬರೆದು ಕೊಟ್ಟರೆ ಅದು ಜಿಲ್ಲಾ ಕಚೇರಿಯಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. 1994-95ರ ಹೊತ್ತಿಗೆ ಅಲ್ಲಿಯ ವಿದ್ಯಾರ್ಥಿ ಒಕ್ಕೂಟ ಇಂಥ ದಿನದೊಳಗೆ ರಾಜ್ಯ ಬಿಟ್ಟು ಹೋಗಿ ಎಂದು ಗಡುವು ಹಾಕಿತು. ಆಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಅರ್ಜಿದಾರನಾಗಿ 32ನೆಯ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಯಿತು. ಬಾಬಾಸಾಹೇಬರು ಸಂವಿಧಾನದ ಹೃದಯ ಎಂದ ವಿಧಿ ಅದು. 1996ರ ಜನವರಿ 9ರಂದು ತೀರ್ಪು ಬಂತು: ಪೌರರಾಗಲಿ ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವ ಕಾಯುವುದು ರಾಜ್ಯದ ಹೊಣೆ, ಬಲವಂತವಾಗಿ ಯಾರನ್ನೂ ಓಡಿಸಕೂಡದು, ಅರ್ಜಿಗಳನ್ನು ಮುಂದಕ್ಕೆ ಕಳಿಸಬೇಕು. ಭಾಷೆ ಕಲಿಸುವ ನನಗೆ ಇದರಲ್ಲಿ ಒಂದು ಪದ ಬಹಳ ಇಷ್ಟ. 21ನೆಯ ವಿಧಿ ‘ಪೌರ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ಆ ಒಂದು ಪದದ ಆಸರೆಯಲ್ಲಿ ಸಾವಿರಾರು ಮನೆಗಳು ಉಳಿದವು.

ಉಳಿದವು ನಿಜ, ಮುಗಿಯಲಿಲ್ಲ. ಸುಮಾರು 1,500 ಜನರ ಹೆಸರು ಮತದಾರರ ಪಟ್ಟಿಗೆ ಮೊದಲ ಬಾರಿ ಸೇರಲು 2004 ಆಗಬೇಕಾಯಿತು. 2015ರಲ್ಲಿ ಸುಪ್ರೀಂ ಕೋರ್ಟು ಅರ್ಹರಿಗೆ ಮೂರು ತಿಂಗಳಲ್ಲಿ ಪೌರತ್ವ ಕೊಡಿ ಎಂದಿತು. ವರ್ಷಗಳು ಕಳೆದರೂ ಆ ಮೂರು ತಿಂಗಳು ಮುಗಿಯಲಿಲ್ಲ. 2021ರ ಸ್ವಾತಂತ್ರ್ಯ ದಿನದಂದು ಮುಖ್ಯಮಂತ್ರಿಗಳು ಇವರನ್ನು ರಾಜ್ಯದ ಹೊರಗೆ ನೆಲೆಗೊಳಿಸುವ ಮಾತಾಡಿದರು. 2022ರಲ್ಲಿ ವಾಸ ದೃಢೀಕರಣ ಪತ್ರ ಕೊಡುವುದನ್ನು ನಿಲ್ಲಿಸಿದರು. ಆ ಪತ್ರವಿಲ್ಲದೆ ನೌಕರಿಗೆ ಅರ್ಜಿ ಹಾಕುವುದು ಹೇಗೆ? ಆ ಸಾಮಣೇರನ ವಯಸ್ಸಿನವರಿಗೆ ತಗಲುವ ಪೆಟ್ಟು ಅದು.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಮ್ಮ ಹುಡುಗರ ರಕ್ತ ಕುದಿಯುತ್ತಿತ್ತು, ತರಗತಿ ಜೋರಾಗಿ ಮುಗಿಯುತ್ತಿತ್ತು. ನಾನು ಇನ್ನೊಂದು ಕಡೆಯನ್ನೂ ಹೇಳಬೇಕಾಯಿತು. ಹೋಗಿ ಎಂದ ಆ ವಿದ್ಯಾರ್ಥಿಗಳೂ ನಮ್ಮಂಥವರ ಮಕ್ಕಳೇ, ಸಣ್ಣ ಸಣ್ಣ ಬುಡಕಟ್ಟುಗಳವರು. ಹೊರಗಿನವರು ಬಂದು ನೆಲ ನುಂಗದಿರಲೆಂದು 1873ರ ಕಾನೂನಿನ ಒಳಗೆರೆಯನ್ನು ಈಗಲೂ ಹಿಡಿದುಕೊಂಡು ಕೂತವರು. ತ್ರಿಪುರಾದಲ್ಲಿ ಹೊರಗಿನಿಂದ ಬಂದವರ ಸಂಖ್ಯೆ ಬೆಳೆದು ಮೂಲದ ಬುಡಕಟ್ಟು ಜನ ಮೂರರಲ್ಲಿ ಒಂದು ಪಾಲಿಗೂ ಕಡಿಮೆಯಾದದ್ದನ್ನು ಕಣ್ಣಾರೆ ಕಂಡವರು. ನಾಳೆ ನಾವೂ ಹಾಗೇ ಆದರೆ ಎಂಬುದು ಅವರ ಭಯ. ನಿರಾಶ್ರಿತರನ್ನು ತಂದು ಕೂರಿಸುವಾಗ ದಿಲ್ಲಿ ಅವರನ್ನು ಕೇಳಲೂ ಇಲ್ಲ.

ಈಗ ಸಿದ್ಧಾರ್ಥನ ಪ್ರಶ್ನೆ ಇಲ್ಲಿಟ್ಟು ನೋಡಿ. ಮೊದಲು ತಪ್ಪಿದವರು ಯಾರು? ಗಡಿ ಎಳೆದವರು, ಅಣೆಕಟ್ಟು ಕಟ್ಟಿದವರು, ಕೇಳದೆ ಕೂರಿಸಿದವರು, ಕೂರಿಸಿ ಅರವತ್ತು ವರ್ಷ ಕಾಗದ ಕೊಡದವರು. ಬೇಲಿಯ ಆಚೆ ಈಚೆ ನಿಂತು ಬೈದಾಡುವ ಎರಡು ಬಡ ಸಮುದಾಯಗಳ ಹುಡುಗರ ಹೆಸರು ಆ ಪಟ್ಟಿಯಲ್ಲಿ ತೀರಾ ಕೆಳಗೆ ಬರುತ್ತದೆ. ಹಾಗೆಂದು ಚಕ್ಮಾ ಹುಡುಗ ತನ್ನ ಹಕ್ಕು ಬಿಡಬೇಕೇ? ಒಂದು ಎಳೆಯಷ್ಟೂ ಬಿಡಬಾರದು. ಹಕ್ಕು ನೆರೆಯವನು ಕೊಡುವ ಸಾಲವಲ್ಲ. ಆದರೆ ಕೋರ್ಟಿನ ತೀರ್ಪು ಕೈಯಲ್ಲಿ ಹಿಡಿದ ಮೇಲೂ ಅವನು ಅದೇ ಸಂತೆಗೆ ಹೋಗಬೇಕು, ಅದೇ ಬಸ್ಸು ಹತ್ತಬೇಕು. ತೀರ್ಪಿನಿಂದ ಮನೆ ಉಳಿಯುತ್ತದೆ, ಸಂತೆಯಲ್ಲಿ ಪಕ್ಕದವನು ಮಾತಾಡಿಸುತ್ತಾನೆಂಬ ಭರವಸೆ ಇಲ್ಲ. ಆ ಕೆಲಸಕ್ಕೆ ಅವರ ಭಯ ಏನೆಂದು ತಿಳಿದ ಚಕ್ಮಾ ಹುಡುಗರು ಬೇಕು, ಇವರ ಮುಳುಗಿದ ಊರಿನ ಕಥೆ ತಿಳಿದ ಅರುಣಾಚಲದ ಹುಡುಗರೂ ಬೇಕು.

ಆ ಹುಡುಗಿ ಬಿಡಲಿಲ್ಲ. “ಹಂಗಾದ್ರೆ ನಮ್ಮೂರ ದೊಡ್ಡೋರ ಭಯಾನೂ ನಾವು ಕೂತ್ಕೊಂಡು ಕೇಳ್ಬೇಕಾ ಮೇಡಂ?”

ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಸರಿಯೋ ತಪ್ಪೋ, ಬಳಗದ ಹಿರಿಯರು ತಿದ್ದಬೇಕು. ತನ್ನ ಜನವೇ ಅಳಿದುಹೋದೀತು ಎಂಬ ಭಯ ಬೇರೆ, ನನ್ನ ಲೋಟದಲ್ಲಿ ಇವನೂ ಕುಡಿದಾನು ಎಂಬ ಭಯ ಬೇರೆ. ಮೊದಲನೆಯದಕ್ಕೆ ಭರವಸೆ ಕೊಡಬೇಕು, ಎರಡನೆಯದಕ್ಕೆ ಕಾನೂನು ತೋರಿಸಬೇಕು. ಯಾವುದು ಯಾವುದೆಂದು ತಿಳಿಯಬೇಕಾದರೆ ಮಾತ್ರ ಒಮ್ಮೆ ಕಿವಿಗೊಡಲೇಬೇಕು. ದೂರು ದಾಖಲಾದ ಮೇಲೆ ಕಿವಿಗೊಡೋಣ, ದೂರಿನ ಬದಲಿಗೆ ಅಲ್ಲ. ನಮ್ಮ ಯಜಮಾನರು ಈ ಹಿಂದು ಮುಂದನ್ನು ತಿಳಿಯದೆ ಸಹಿ ಹಾಕಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೆ ಕಲಿಸಿದವರು ಯಾರಿದ್ದರು?

ಬಾಬಾಸಾಹೇಬರು ಕಲಿಸುವ ಕೆಲಸವನ್ನು ಎಷ್ಟು ದೊಡ್ಡದೆಂದು ತಿಳಿದಿದ್ದರು ಎಂಬುದಕ್ಕೆ ಒಂದು ಸಂಗತಿ. 1956ರಲ್ಲಿ, ದೀಕ್ಷೆಗೆ ಕೆಲವೇ ತಿಂಗಳ ಮೊದಲು, ಮೈಯಲ್ಲಿ ಶಕ್ತಿ ಉಡುಗಿದ್ದಾಗಲೂ ಮುಂಬೈಯಲ್ಲಿ ರಾಜಕೀಯ ಪ್ರವೇಶಕ್ಕೆ ತರಬೇತಿ ಕೊಡುವ ಶಾಲೆ ತೆರೆಸಿದರು. ಹೋರಾಟ ಹುಟ್ಟಿನಿಂದ ಬರುವ ಗುಣ, ಕಲಿಯಬೇಕಾದ್ದಿಲ್ಲ ಎಂದು ಅವರು ಎಣಿಸಲಿಲ್ಲ.

ಏನು ಕಲಿಸಬೇಕು? ಭಾಷಣ ಕಡಿಮೆ ಇರಲಿ ಎನ್ನುವವಳು ನಾನು. ಚಕ್ಮಾ ಹುಡುಗನಿಗೆ ಮೊದಲು ಒಂದು ತಾರೀಖು ಬಾಯಿಪಾಠ ಆಗಬೇಕು. 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ಪೌರರು. ಹಾಗಾದರೆ 1970ರಲ್ಲಿ ಅಲ್ಲೇ ಹುಟ್ಟಿದ ಅಪ್ಪನಿಗೂ, ಆ ಅಪ್ಪನ ಮಕ್ಕಳಿಗೂ ನಿರಾಶ್ರಿತ ಎಂಬ ಹೆಸರು ಹೇಗೆ ಸಲ್ಲುತ್ತದೆ? ಇದನ್ನು ಕೋಪವಿಲ್ಲದೆ, ತಡವರಿಸದೆ ಕಚೇರಿಯಲ್ಲಿ ಹೇಳಲು ಬಂದರೆ ಅರ್ಧ ತರಬೇತಿ ಮುಗಿದಂತೆ. ಉಳಿದರ್ಧ ವದಂತಿಗೆ ತಲೆ ಕೊಡದಿರುವುದು. 2012ರ ಆಗಸ್ಟಿನಲ್ಲಿ ಬೆಂಗಳೂರು ರೈಲು ನಿಲ್ದಾಣದ ಚಿತ್ರ ಬಹಳ ಜನರಿಗೆ ನೆನಪಿರಬಹುದು. ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಬೆದರಿಕೆಗೆ ಹೆದರಿ ಈಶಾನ್ಯದ ಸಾವಿರಾರು ಮಕ್ಕಳು ಮೂರು ನಾಲ್ಕು ದಿನದಲ್ಲಿ ಗುವಾಹಟಿಯ ರೈಲು ಹತ್ತಿದರು. ಅಣೆಕಟ್ಟು ಬೇಕಿರಲಿಲ್ಲ, ಒಂದು ಮೆಸೇಜು ಸಾಕಾಯಿತು. (ಈ ಚಿಂತನೆಯೂ ಫಾರ್ವರ್ಡ್ ಆಗಿಯೇ ನಿಮ್ಮ ಕೈ ಸೇರುತ್ತಿದೆ. ಇದರಲ್ಲಿ ತಪ್ಪು ಕಂಡರೆ ಮುಂದೆ ಕಳಿಸುವ ಮೊದಲು ನನಗೊಂದು ಮಾತು ತಿಳಿಸಿ.)

ರೋಹಿಣಿಯ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಸಿದ್ಧಾರ್ಥ ಹೊರಟುಹೋದ ಮೇಲೆ ಶಾಕ್ಯರ ಊರಿನಲ್ಲಿ ಚಳವಳಿ ಎದ್ದಿತು. ಗಂಡಸರು, ಹೆಂಗಸರು, ಹುಡುಗರು, ಹುಡುಗಿಯರು ಬಾವುಟ ಹಿಡಿದು ಮೆರವಣಿಗೆ ಮಾಡಿದರು, ಕೋಲಿಯರು ನಮ್ಮವರೇ ಎಂದರು. ಸಂಘ ಮಣಿಯಿತು. ಯುದ್ಧ ನಿಂತು, ನೀರಿನ ಜಗಳ ತೀರಿಸಲು ಕಾಯಂ ಮಂಡಳಿಯೊಂದು ಆಯಿತು. ಸಭೆಯಲ್ಲಿ ಸೋತ ಒಬ್ಬನ ಮಾತು, ಬೀದಿಯಲ್ಲಿ ಮಕ್ಕಳ ಬಾಯಿಂದ ಗೆದ್ದಿತು. ಸುದ್ದಿ ತಿಳಿದ ಮೇಲೂ ಸಿದ್ಧಾರ್ಥ ಊರಿಗೆ ಮರಳಲಿಲ್ಲ. ಜಗಳಗಳ ಬೇರು ಇನ್ನೂ ಆಳದಲ್ಲಿದೆ ಎಂದು ಅವನಿಗೆ ಕಂಡಿತ್ತು.

ತರಗತಿಯ ಕೊನೆಗೆ ಎಲ್ಲರಿಗೂ ಮೂರು ಹಾಳೆ ಕೊಟ್ಟೆ. ನಿಮ್ಮೂರಿನ ಒಂದು ಜಗಳ ತಗೊಳ್ಳಿ. ಮೊದಲ ಹಾಳೆಯಲ್ಲಿ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮಾತ್ರ, ದಿನ ಮತ್ತು ಹೊತ್ತಿನ ಸಮೇತ. ಎರಡನೆಯದರಲ್ಲಿ ಯಾವ ಕಾನೂನು, ಯಾರಿಗೆ ದೂರು, ಸ್ವೀಕೃತಿ ಪತ್ರ ಎಲ್ಲಿ ಪಡೆಯಬೇಕು. ಮೂರನೆಯದರಲ್ಲಿ ಎದುರಿನವರು ಏನು ಹೇಳುತ್ತಾರೆ, ನಮ್ಮವರು ತಪ್ಪಿದ್ದರೆ ಎಲ್ಲಿ ತಪ್ಪಿದರು. ಆ ಹುಡುಗಿ ಮೊದಲೆರಡು ಹಾಳೆ ಚೊಕ್ಕವಾಗಿ ತುಂಬಿಸಿದ್ದಳು. ಮೂರನೆಯದರ ಮೇಲೆ “ಮನಸ್ಸಿಲ್ಲ” ಎಂದು ಬರೆದು ಕೊಟ್ಟಳು. ನಾನು ಒತ್ತಾಯ ಮಾಡಲಿಲ್ಲ.

ಮಾಡದ್ದಕ್ಕೆ ಕಾರಣವಿದೆ. ಆ ಮೂರನೆಯ ಹಾಳೆಯನ್ನು ನಾನೇ ನಮ್ಮೂರಿನ ಕುರಿತು ಎಂದೂ ಬರೆದಿರಲಿಲ್ಲ. ಸೋಮವಾರ ಸಂಜೆ ಕೊಡಗಿಗೆ ಫೋನು ಮಾಡಿ, ಇಷ್ಟು ವರ್ಷದಲ್ಲಿ ಮೊದಲ ಸಲ ಅಣ್ಣನನ್ನು ಕೇಳಿದೆ, ಅವತ್ತು ಹೋಟೆಲಿನೊಳಗೆ ಏನೇನಾಯಿತು ಅಂತ.

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ನಮ್ಮ ಲೋಟ ಎತ್ತಿ ಕುಕ್ಕಿ ಒಡೆದಾಕ್ದೆ ಕಣವ್ವ. ಚೂರು ಸಿಡಿದು ಅವ್ನ ಮಗೀಗೆ, ಗಲ್ಲದ ಮೇಲೆ ರಕ್ತ ಬಂತು. ಸಣ್ ಮಗ. ನಾನು ಬೇಕು ಅಂತ ಮಾಡ್ಲಿಲ್ಲ.”

“ಸಭೇಲಿ ಇದನ್ನ ಯಾಕಣ್ಣ ಹೇಳ್ಲಿಲ್ಲ?”

“ಯಾರು ಕೇಳುದ್ರು? ನಮ್ಮನ್ನೂ ಬೆಂಚ್ ಮೇಲೆ ಕೂರ್ಸಿ ಕೇಳಿದ್ರೆ ಹೇಳ್ತಿದ್ದೆ.”

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಅದೇ ಜಾಗದಲ್ಲಿ ತರಗತಿ ಮುಂದುವರಿಯುತ್ತದೆ. ಹುಡುಗರು ಮೂರು ಹಾಳೆಗಳನ್ನೂ ತನ್ನಿ, ಮೂರನೆಯದು ಖಾಲಿ ಇದ್ದರೂ ಸರಿ. ನನ್ನದನ್ನು ನಾನು ಮೊದಲು ಓದುತ್ತೇನೆ.

ಸಬ್ಬೇ ಸತ್ತಾ ಸುಖಿ ಹೋಂತು. ಜೈ ಭೀಮ್.